ಮುಂದಿನ ನಂಬರ್ ಬಿಡಿ, ಹಿಂದಿನ ಪ್ಲೇಟ್ ಓದಿ: ಸೆಕೆಂಡ್ ಹ್ಯಾಂಡ್ ಆರ್ಗಾನ್ ವೆಲ್ಡಿಂಗ್ ಮಷಿನ್ ಕೊಳ್ಳುವ ಮುಂಚೆ

[ದೃಶ್ಯ: ಕಲಬುರಗಿ, ಕಪನೂರ ಕೈಗಾರಿಕಾ ಪ್ರದೇಶ. ಬೆಳಿಗ್ಗೆ. ಶೆಡ್ಡಿನ ಮುಂದೆ ಕಬ್ಬಿಣದ ಮೇಜು, ಅದರ ಮೇಲೆ ಮೂರು ಹಳೆ ಮಷಿನ್.]

ನಮಸ್ಕಾರ್ರಿ. ಇದು ಹುಮನಾಬಾದ್ ರಸ್ತೆಯ ಕಪನೂರ. ಮೇಜಿನ ಮೇಲಿರುವ ಮೂರೂ ಟಿಗ್ ಮಷಿನ್: ಟಂಗ್‌ಸ್ಟನ್ ಕಡ್ಡಿಯಿಂದ ಕಿಡಿ ಹಚ್ಚಿ, ಆರ್ಗಾನ್ ಗ್ಯಾಸಿನ ಮರೆಯಲ್ಲಿ ಲೋಹ ಕರಗಿಸಿ ಕೂಡಿಸುವಂಥವು. ಅಂಗಡಿಗೆ ಹೋಗಿ ಟಿಗ್ ಅಂದರೆ ಒಮ್ಮೊಮ್ಮೆ ಮುಖ ಮುಖ ನೋಡುತ್ತಾರೆ. ಆರ್ಗಾನ್ ವೆಲ್ಡಿಂಗ್ ಅಂದರೆ ತಕ್ಷಣ ಗೊತ್ತಾಗುತ್ತದೆ. ಮೂರರ ಮುಂದೆಯೂ ದಪ್ಪ ಅಕ್ಷರದಲ್ಲಿ, ಇಷ್ಟು ಆಂಪ್ ಕೊಡುತ್ತೇನೆ ಅನ್ನುವ ಒಂದೊಂದು ನಂಬರ್ ಇದೆ: 200, 250, 315. ಆ ನಂಬರ್ ನಂಬಿಯೇ ನಾನು ಮೊದಲ ಸಲ ಕೈ ಸುಟ್ಟುಕೊಂಡೆ.

ಆಗ 250 ಅಂತ ಬರೆದದ್ದನ್ನು ಆರಿಸಿದ್ದೆ. ಮಾರಿದವನು, "ಆರೇ ತಿಂಗಳ ಹೊಡದೀವ್ರಿ, ಏಕದಂ ಬರಾಬರ್ ಅದ" ಅಂದ. ಮನೆಗೆ ತಂದು ದಪ್ಪ ಪಟ್ಟಿ ಇಟ್ಟೆ, ನಾಬ್ ಪೂರ್ತಿ ತಿರುಗಿಸಿದೆ. ಲೋಹ ಕರಗಲು ಒಲ್ಲೆ ಅನ್ನುತ್ತದೆ! ಕೇಬಲ್ಲಿಗೆ ಹೊರಗಿನಿಂದಲೇ ಕಚ್ಚಿಸಿ ಕರೆಂಟ್ ಅಳೆಯುವ ಗೆಳೆಯನ ಕ್ಲಾಂಪ್ ಮೀಟರ್ ತಂದು ನೋಡಿದರೆ ಕೇಬಲ್ಲಿನಲ್ಲಿ ಹರಿಯುತ್ತಿದ್ದದ್ದು 130 ಆಂಪ್. ಮಷಿನ್ ಕೆಟ್ಟಿರಲಿಲ್ಲ. ಅದು ಹುಟ್ಟಿದ್ದೇ ಅಷ್ಟಕ್ಕೆ.

[ಹತ್ತಿರದ ಶಾಟ್: ಮಷಿನ್ನಿನ ಹಿಂಭಾಗ, ತಗಡಿನ ಪ್ಲೇಟ್. ಬಟ್ಟೆಯಿಂದ ಒರೆಸುವ ಕೈ.]

ನಿಜ ಇರುವುದು ಇಲ್ಲಿ. ಒಂದು ಸಣ್ಣ ಲೆಕ್ಕ ಹೇಳುತ್ತೇನೆ, ಮೊಬೈಲಿನಲ್ಲೇ ಮಾಡಬಹುದು. ಆಂಪನ್ನು 0.04ರಿಂದ ಗುಣಿಸಿ, 10 ಕೂಡಿಸಿ. ಟಿಗ್ ಮಷಿನ್ ಅಳೆಯುವಾಗ ಇಟ್ಟುಕೊಳ್ಳುವ ವೋಲ್ಟೇಜ್ ಅದು. 250 ಆಂಪಿಗೆ 20 ವೋಲ್ಟ್ ಬಂತು. 250 ಸಲ 20 ಅಂದರೆ 5,000 ವ್ಯಾಟ್ ಹೊರಗೆ ಬರಬೇಕು. ನನ್ನ ಮಷಿನ್ನಿನ ಪ್ಲೇಟಿನಲ್ಲಿ ಒಳಗೆ ಎಳೆಯುವ ಕರೆಂಟ್ ಹೆಚ್ಚೆಂದರೆ 16 ಆಂಪ್ ಅಂತ ಇತ್ತು. 230 ವೋಲ್ಟಿನಲ್ಲಿ 16 ಆಂಪ್ ಅಂದರೆ 3,680. ಒಂದು ಕೊಡ ನೀರು ಹಾಕಿ ಒಂದೂವರೆ ಕೊಡ ತೆಗೆದ ಹಾಗೆ. ಆಗುವ ಮಾತಾ?

ಪ್ಲೇಟೇ ಇಲ್ಲದ ಮಷಿನ್, ಅಥವಾ ಪ್ಲೇಟ್ ಮೇಲೆ ಬಣ್ಣ ಬಳಿದ ಮಷಿನ್ ಸಿಕ್ಕರೆ? ನಾನು ಮುಟ್ಟುವುದಿಲ್ಲ. ಎಷ್ಟು ಸೋವಿಗೆ ಕೊಟ್ಟರೂ ಅಷ್ಟೇ.

ಅದೇ ಪ್ಲೇಟಿನಲ್ಲಿ ಡ್ಯೂಟಿ ಸೈಕಲ್ ಇರುತ್ತದೆ, ಎಕ್ಸ್ ಅಕ್ಷರದ ಸಾಲು. 200 ಆಂಪಿಗೆ 35% ಅಂದರೆ ಹತ್ತು ನಿಮಿಷದಲ್ಲಿ ಮೂರೂವರೆ ನಿಮಿಷ ಹೊಡೆಯಬಹುದು, ಉಳಿದ ಆರೂವರೆ ನಿಮಿಷ ಅದಕ್ಕೆ ಉಸಿರು ಬಿಡಲು ಕೊಡಬೇಕು. ಈ ಲೆಕ್ಕ ಸಾಮಾನ್ಯವಾಗಿ 40 ಡಿಗ್ರಿ ಬಿಸಿಗೆ ಹಾಕಿದ್ದು. ಮೇ ತಿಂಗಳಲ್ಲಿ ನಮ್ಮೂರಿನ ಬಿಸಿಲು 42, 43 ದಾಟುತ್ತದೆ. ತಗಡಿನ ಶೆಡ್ಡಿನೊಳಗೆ ಕೇಳಲೇಬೇಡಿ. ಅದಕ್ಕೇ ಬೇಸಿಗೆಯಲ್ಲಿ ಮಷಿನ್ ಹಳದಿ ದೀಪ ಹಚ್ಚಿ ಮುನಿಸಿಕೊಂಡು ಕೂತುಬಿಡುತ್ತದೆ. ಕೆಟ್ಟಿತು ಅಂತ ಗಾಬರಿ ಬೀಳಬೇಡಿ. ಫ್ಯಾನ್ ಓಡಲು ಬಿಡಿ, ಸ್ವಿಚ್ ಆರಿಸಬೇಡಿ.

ಹಾಗಾದರೆ ಮನೆಗೆ ಎಷ್ಟು ಆಂಪ್ ಸಾಕು? ಕಬ್ಬಿಣ, ಸ್ಟೀಲ್ ಎರಡಕ್ಕೂ ಒಂದು ಮಿಲಿಮೀಟರ್ ದಪ್ಪಕ್ಕೆ ಸುಮಾರು 40 ಆಂಪ್ ಹಿಡಿಯಿರಿ. ಒಂದೂವರೆ ಮಿಲಿಮೀಟರ್ ಪೈಪಿಗೆ 60, ಮೂರಕ್ಕೆ 120. ಗೇಟು, ಗ್ರಿಲ್ಲು, ಸ್ಟೀಲ್ ರೇಲಿಂಗ್, ಬೈಕಿನ ಸೈಲೆನ್ಸರ್. ಮನೆಯಲ್ಲಿ ಇದಕ್ಕಿಂತ ದಪ್ಪ ಏನಿರುತ್ತದೆ? ನಿಜವಾದ 160 ಅಥವಾ 200 ಆಂಪ್ ಕೊಡುವ ಮಷಿನ್ ಧಾರಾಳ ಸಾಕು.

[ದೃಶ್ಯ: ಮನೆಯ ಮೀಟರ್ ಬೋರ್ಡ್. ಕೈಯಲ್ಲಿ ಜೆಸ್ಕಾಂ ಬಿಲ್.]

ಮಷಿನ್ ನೋಡಲು ಹೊರಡುವ ಮುಂಚೆ ಕರೆಂಟ್ ಬಿಲ್ ತೆಗೆದು ನೋಡಿ. ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ಅದರಲ್ಲೇ ಇರುತ್ತದೆ. 120 ಆಂಪಿನಲ್ಲಿ ಟಿಗ್ ಹೊಡೆದರೆ ಮಷಿನ್ ಸುಮಾರು 14 ಆಂಪ್ ಎಳೆಯುತ್ತದೆ, ದೊಡ್ಡ ಸಾಕೆಟ್ ತಡೆಯುತ್ತದೆ. 200 ಆಂಪಿಗೆ ಏರಿಸಿದರೆ 28ರ ಹತ್ತಿರ ಹೋಗುತ್ತದೆ. ಅದಕ್ಕೆ ಬೇರೆ ದಪ್ಪ ವೈರ್, ಬೇರೆ ಎಂಸಿಬಿ ಬೇಕೇ ಬೇಕು. ಇನ್ನು ಆ ಮೂರನೆಯದು, 315? ಅದು ಮೂರು ಫೇಸಿನದು, 415 ವೋಲ್ಟ್ ಕೇಳುತ್ತದೆ. ಕಾರ್ಖಾನೆಗಳಿಂದ ಹೊರಬಿದ್ದ ಇಂಥವು ಗುಜರಿ ರೇಟಿಗೆ ಸಿಗುತ್ತವೆ, ಆಸೆಯಾಗುತ್ತದೆ. ಮನೆಗೆ ತಂದರೆ ಮೇಲೆ ತುಳಸಿ ಕುಂಡ ಇಡಬಹುದು, ಅಷ್ಟೇ.

[ದೃಶ್ಯ: ಮತ್ತೆ ಶೆಡ್. 200ರ ಮಷಿನ್ ಎದುರು ನಿಂತ ಮಾಲೀಕ.]

ನಾನು: ಉಸ್ತಾದ್, ಮುಚ್ಚಳ ತೆಗೀಲಾ?
ಉಸ್ತಾದ್: ತೆಗೀರಿ ತೆಗೀರಿ. ಅದರಾಗ ಹಾವೇನ್ ಕುಂತಿಲ್ಲ.

ಹೀಗೆ ಅನ್ನುವವರ ಹತ್ತಿರ ವ್ಯವಹಾರ ಮಾಡಿ. ಮುಚ್ಚಳ ಮುಟ್ಟಬೇಡಿ ಅಂದರೆ ಚಹಾ ಕುಡಿದು ಎದ್ದು ಬನ್ನಿ. ಆದರೆ ಪ್ಲಗ್ ಕಿತ್ತ ತಕ್ಷಣ ಒಳಗೆ ಕೈ ಹಾಕಬೇಡಿ. ಎಲೆಕ್ಟ್ರಾನಿಕ್ ಬೋರ್ಡಿನಿಂದ ನಡೆಯುವ ಇಂಥ ಇನ್ವರ್ಟರ್ ಮಷಿನ್ನಿನ ಕೆಪಾಸಿಟರುಗಳಲ್ಲಿ, ಅಂದರೆ ಕರೆಂಟ್ ಕೂಡಿಡುವ ಡಬ್ಬಿಗಳಲ್ಲಿ, 325 ವೋಲ್ಟ್ ತುಂಬಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಹಾಗೇ ನಿಂತಿರುತ್ತದೆ. ಹತ್ತು ನಿಮಿಷ ಕಾಯಿರಿ. ಆಮೇಲೂ ಕಣ್ಣಿನಿಂದ ನೋಡಿ, ಬೆರಳಿನಿಂದ ಬೇಡ.

[ಹತ್ತಿರದ ಶಾಟ್: ಬೂದು ಪುಡಿ ಕೂತ ಬೋರ್ಡ್.]

ನೋಡಿ, ಧೂಳು. ನಮ್ಮ ಜಿಲ್ಲೆಯಲ್ಲಿ ಮಷಿನ್ ಎಲ್ಲಿ ಬದುಕಿತ್ತು ಅನ್ನುವುದು ಎಷ್ಟು ವರ್ಷ ಬದುಕಿತ್ತು ಅನ್ನುವುದಕ್ಕಿಂತ ಮುಖ್ಯ. ಶಹಾಬಾದ್ ಕಲ್ಲು ಕೊಯ್ಯುವ ಕಡೆಯಿಂದ ಬಂದದ್ದಾದರೆ ಇಂಥ ಬೂದು ಪುಡಿ. ತೊಗರಿ ಬೇಳೆ ಮಿಲ್ಲಿನದಾದರೆ ಹೊಟ್ಟಿನ ಹಳದಿ ಪುಡಿ. ಇವು ಒಣಗಿದ್ದಾಗ ಅಷ್ಟೇನೂ ಮಾಡುವುದಿಲ್ಲ, ಹವಾ ಹೊಡೆದರೆ ಹೋಗುತ್ತವೆ. ಮಳೆಗಾಲದ ತೇವ ಕೂತಾಗ ಬೋರ್ಡಿನ ಮೇಲೆ ಕರೆಂಟಿಗೆ ಕಳ್ಳದಾರಿ ಮಾಡಿಕೊಡುತ್ತವೆ. ನಿಜವಾಗಿ ಹೆದರಬೇಕಾದದ್ದು ಕಪ್ಪು ಪುಡಿಗೆ. ಗ್ರೈಂಡರಿನಿಂದ ಹಾರಿದ ಕಬ್ಬಿಣ ಅದು, ತಾನೇ ಕರೆಂಟ್ ಹರಿಸುತ್ತದೆ. ಗ್ರೈಂಡರ್ ಪಕ್ಕದಲ್ಲೇ ಇಟ್ಟಿದ್ದ ಮಷಿನ್ನಿನ ಫ್ಯಾನ್ ಅದನ್ನೆಲ್ಲ ಒಳಗೆ ಎಳೆದುಕೊಂಡಿರುತ್ತದೆ.

ಕೆಪಾಸಿಟರಿನ ತಲೆ ಉಬ್ಬಿದೆಯಾ? ಸುಟ್ಟ ವಾಸನೆ ಇದೆಯಾ? ಒಂದೆಡೆ ಮಾತ್ರ ಹೊಸ ಸೋಲ್ಡರ್ ಮಿನುಗುತ್ತಿದೆಯಾ? ರಿಪೇರಿ ಆಗಿದ್ದರೆ ತಪ್ಪಲ್ಲ, ಆದರೆ ರೇಟು ಇಳಿಯಬೇಕು.

ಇನ್ನು ಕಿಡಿ ಹಚ್ಚುವ ಪರೀಕ್ಷೆ. ಟಂಗ್‌ಸ್ಟನ್ ಕಡ್ಡಿಯ ತುದಿಯನ್ನು ಲೋಹದಿಂದ ಎರಡು ಮೂರು ಮಿಲಿಮೀಟರ್ ಮೇಲೆ ಹಿಡಿದು ಟಾರ್ಚಿನ, ಅಂದರೆ ಕಡ್ಡಿ ಸಿಕ್ಕಿಸುವ ಹಿಡಿಕೆಯ, ಸ್ವಿಚ್ ಒತ್ತಿ. ಚಿಟಿಚಿಟಿ ಅಂತ ನೀಲಿ ಕಿಡಿ ಹಾರಿ, ಮುಟ್ಟದೆಯೇ ಹತ್ತಿಕೊಳ್ಳಬೇಕು. ಇದು ಎಚ್‌ಎಫ್, ಅಂದರೆ ಹೈ ಫ್ರೀಕ್ವೆನ್ಸಿ ಕಿಡಿ. ಹತ್ತು ಸಲ ಒತ್ತಿ, ಹತ್ತೂ ಸಲ ಹತ್ತಬೇಕು. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಇದರ ಹತ್ತಿರ ನಿಲ್ಲುವುದು ಬೇಡ. ಕೆಲವು ಮಷಿನ್ನುಗಳಲ್ಲಿ ಎಚ್‌ಎಫ್ ಇರುವುದೇ ಇಲ್ಲ, ಮುಟ್ಟಿಸಿ ಎತ್ತಬೇಕು. ಸ್ಟೀಲ್ ಕೆಲಸಕ್ಕೆ ಅದೂ ನಡೆಯುತ್ತದೆ.

ಮಾರುವವರು ಯಾವಾಗಲೂ ಜೋರು ಆಂಪಿನಲ್ಲಿ ತೋರಿಸುತ್ತಾರೆ. ನೀವು ಕೆಳಗೆ ಇಳಿಸಿ. 15, 20 ಆಂಪಿನಲ್ಲಿ ಕಿಡಿ ಅಲ್ಲಾಡದೆ ನಿಂತರೆ ಒಳ್ಳೆ ಜೀವ ಇದೆ ಅಂತ ಅರ್ಥ. ಆಮೇಲೆ ಏರಿಸಿ, ಕಿಡಿ ನಿಂತ ಮೇಲೆ ಇನ್ನೊಬ್ಬರು ಕೇಬಲ್ಲಿಗೆ ಕ್ಲಾಂಪ್ ಮೀಟರ್ ಹಾಕಲಿ. ಮೀಟರ್ ಡಿಸಿ ಓದುವಂಥದ್ದೇ ಇರಬೇಕು, ಎಲೆಕ್ಟ್ರಿಷಿಯನ್ ಹತ್ತಿರ ಇರುವ ಮಾಮೂಲಿಯದು ಬಹಳಷ್ಟು ಸಲ ಎಸಿ ಮಾತ್ರ ಓದುತ್ತದೆ.

ಕಿಡಿ ಆರಿಸಿದ ಮೇಲೆ ಗಮನವಿಡಿ. ಗ್ಯಾಸ್ ಕೆಲವು ಸೆಕೆಂಡ್ ಸುಸ್ ಅಂತ ಬರುತ್ತಲೇ ಇರಬೇಕು. 100 ಆಂಪಿಗೆ ಹತ್ತು ಸೆಕೆಂಡ್ ಒಳ್ಳೆಯದು. ಟಂಗ್‌ಸ್ಟನ್ ತುದಿ ಬೆಳ್ಳಿಯ ಹಾಗೆ ಹೊಳೆದರೆ ಸರಿ. ನೀಲಿ, ಕಪ್ಪು ಆದರೆ ಎಲ್ಲೋ ಗಾಳಿ ಸೇರುತ್ತಿದೆ: ವಾಲ್ವ್ ಇರಬಹುದು, ಪೈಪ್ ಸೀಳಿರಬಹುದು.

[ದೃಶ್ಯ: ಅಲ್ಯುಮಿನಿಯಂ ತುಂಡು.]

ಅಲ್ಯುಮಿನಿಯಂ ಬೇಕೆನ್ನುವವರಿಗೆ ಎಸಿ ಇರುವ ಮಷಿನ್ನೇ ಆಗಬೇಕು. ಅಲ್ಯುಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಅದರ ಮೈಮೇಲಿನ ಆಕ್ಸೈಡ್ ಪೊರೆ ಕರಗಲು 2,000 ಡಿಗ್ರಿ ದಾಟಬೇಕು. ಆ ಪೊರೆ ಕೀಳುವ ಕೆಲಸ ಎಸಿಯದು. ಹಳೆ ಮಷಿನ್ನುಗಳಲ್ಲಿ ಎಸಿ ಭಾಗ ಸತ್ತು ಡಿಸಿ ಮಾತ್ರ ಬದುಕಿರುವುದುಂಟು. ಮಾರುವವರು ಡಿಸಿ ತೋರಿಸಿ ಪ್ಯಾಕ್ ಮಾಡಿಬಿಡುತ್ತಾರೆ. ಜೇಬಿನಲ್ಲಿ ಒಂದು ಅಲ್ಯುಮಿನಿಯಂ ತುಂಡು ಒಯ್ಯಿರಿ. ಬೆಸುಗೆಯ ಎರಡೂ ಕಡೆ ಸುಣ್ಣ ಬಳಿದಂಥ ಬಿಳಿ ಪಟ್ಟಿ ಬಂದರೆ ಎಸಿ ಕೆಲಸ ಮಾಡುತ್ತಿದೆ.

ಹಾಂ, ಬೀದರಿನ ಗೆಳೆಯರೊಬ್ಬರು ಮುರಿದ ಬಿದರಿ ಹೂಜಿ ತಂದು ಟಿಗ್‌ನಲ್ಲಿ ಕೂಡಿಸಿಕೊಡು ಅಂದಿದ್ದರು. ದಯವಿಟ್ಟು ಯಾರೂ ಮಾಡಬೇಡಿ. ಬಿದರಿಯಲ್ಲಿ ಬಹುಪಾಲು ಸತು, ಅದು 907 ಡಿಗ್ರಿಗೆ ಕುದಿದು ಹೊಗೆಯಾಗುತ್ತದೆ. ಹೂಜಿಯೂ ಹೋಗುತ್ತದೆ, ರಾತ್ರಿ ನಿಮಗೆ ಚಳಿಜ್ವರವೂ ಬರುತ್ತದೆ. ಜಿಐ ಪೈಪಿನ ಮೇಲಿರುವುದೂ ಸತುವೇ. ಉಜ್ಜಿ ತೆಗೆಯದೆ ಹೊಡೆಯಬೇಡಿ.

ಗ್ಯಾಸಿನ ಮಾತು ಬೇಗ ಮುಗಿಸುತ್ತೇನೆ. ಶುದ್ಧ ಆರ್ಗಾನೇ ಬೇಕು. ಪಕ್ಕದ ಅಂಗಡಿಯಲ್ಲಿ ಮಿಗ್ ಮಷಿನ್ನಿಗೆ ಹಾಕಿದ ಸಿಒಟು ತಂದರೆ ಟಂಗ್‌ಸ್ಟನ್ ಸುಟ್ಟು ಹೋಗುತ್ತದೆ. ಆರ್ಗಾನ್ ಸಿಲಿಂಡರಿನ ಮೈ ನೀಲಿ. 47 ಲೀಟರಿನ ದೊಡ್ಡ ಸಿಲಿಂಡರಿಗೆ 150 ಬಾರ್ ತುಂಬಿದರೆ 7,000 ಲೀಟರ್ ಗ್ಯಾಸ್. ನಿಮಿಷಕ್ಕೆ 8 ಲೀಟರ್ ಬಿಟ್ಟರೆ 14 ತಾಸಿಗಿಂತ ಜಾಸ್ತಿ ಬರುತ್ತದೆ. ಭುಜದ ಮೇಲೆ ಕೊರೆದಿರುವ ಪರೀಕ್ಷೆಯ ತಾರೀಖು ನೋಡಿ, ಐದು ವರ್ಷ ದಾಟಿದ್ದರೆ ತುಂಬಿಕೊಡಬಾರದು. ಮಷಿನ್ ಜೊತೆ ಸಿಲಿಂಡರ್ ಫ್ರೀ ಅಂದರೆ ಅದರ ಕಾಗದ ಕೇಳಿ.

[ದೃಶ್ಯ: ಮನೆಯ ಹಿತ್ತಲು, ಇನ್ನೂ ಬೆಳಕು ಹರಿಯುತ್ತಿದೆ. 200ರ ಮಷಿನ್, ಮುರಿದ ಕೂಲರ್ ಸ್ಟ್ಯಾಂಡ್.]

200ರದ್ದನ್ನೇ ತಂದೆ. ಪ್ಲೇಟಿನ ಲೆಕ್ಕ ಕೂಡಿ ಬಂತು, ಮೀಟರ್ 192 ತೋರಿಸಿತು, ಟಾರ್ಚಿನ ಪೈಪ್ ಸೀಳಿದ್ದಕ್ಕೆ ಉಸ್ತಾದ್ ರೇಟು ಬಿಟ್ಟರು. ಈಗ ಬೆಳಿಗ್ಗೆ ಆರು ಗಂಟೆ. ಫ್ಯಾನ್ ಇಲ್ಲ, ಕೂಲರ್ ಇಲ್ಲ, ಯಾಕಂದರೆ ಸ್ವಲ್ಪ ಗಾಳಿ ಬೀಸಿದರೂ ಆರ್ಗಾನ್ ಹಾರಿಹೋಗಿ ಬೆಸುಗೆಯಲ್ಲಿ ತೂತು ಬೀಳುತ್ತವೆ. 60 ಆಂಪ್, ಸ್ಟ್ಯಾಂಡಿನ ನಾಲ್ಕು ಕಾಲು.

[ಹೆಲ್ಮೆಟ್ ಕೆಳಗೆ. ಬೆಸುಗೆ. ಹೆಲ್ಮೆಟ್ ಮೇಲೆ.]

ಅವ್ವ (ಒಳಗಿಂದ): ಮುಗೀತೇನೋ? ಈಗರೆ ಕೂಲರ್ ಹಚ್ಚು, ಸೆಕಿಗೆ ಸಾಯಲತ್ತೀನಿ.