‘ನನ್ನ ಊರು’ ಅಂದ ಲಾರ್ಡ್ ಸಾಹೇಬ್ರು

ಇದು ಉತ್ತರ ಇಂಗ್ಲೆಂಡಿನ ಡರ್ಹಮ್, ಮಾರ್ಕೆಟ್ ಚೌಕ. ಹುಸಾರ್ (ಕುದುರೆ ಸವಾರಿಯ ಸೈನಿಕ) ದಿರಿಸು ಹಾಕ್ಕೊಂಡು ಕುದುರೆ ಮೇಲೆ ಪ್ರತಿಮೆಯಾಗಿ ಕೂತಿದಾರಲ್ಲ, ಅವರು ಚಾರ್ಲ್ಸ್ ವೇನ್, ಲಂಡನ್‌ಡೆರಿಯ 3ನೇ ಮಾರ್ಕ್ವೆಸ್ (ಬ್ರಿಟನ್ನಿನ ದೊಡ್ಡ ಶ್ರೀಮಂತ ಪದವಿ). ಕುದುರೆಗೆ ನಾಲಿಗೆ ಮಾಡೋದು ಮರೆತು, ಶಿಲ್ಪಿ ಅವಮಾನದಿಂದ ಪ್ರಾಣ ಕಳ್ಕೊಂಡ ಅಂತ ಇಲ್ಲೊಂದು ಕಥೆ ಇದೆ. ನಂಬ್ಬೇಡಿ. ಪ್ರತಿಮೆ ನಿಂತಿದ್ದು 1861ರಲ್ಲಿ, ಶಿಲ್ಪಿ ಮೋಂಟಿ ತೀರ್ಕೊಂಡಿದ್ದು 1881ರಲ್ಲಿ!

ಈ ಮನುಷ್ಯ ಮೊದಲು ಸೈನಿಕ. ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಕಾದಾಡಿ, ಆಮೇಲೆ ವಿಯೆನ್ನಾದಲ್ಲಿ ರಾಯಭಾರಿ ಆದ. ವಿದೇಶಾಂಗ ಮಂತ್ರಿ ಕ್ಯಾಸಲ್‌ರೇ ಇವನ ಮಲ ಅಣ್ಣ, ಹಾಗಾಗಿ ದಾರಿ ಸಲೀಸು. ಆದ್ರೆ ದುಡ್ಡು ಬಂದಿದ್ದು ಮದುವೆಯಿಂದ. 1819ರಲ್ಲಿ ಕೈಹಿಡಿದ ಫ್ರಾನ್ಸಿಸ್ ಆನ್, ಡರ್ಹಮ್ ಸೀಮೆಯ ಕಲ್ಲಿದ್ದಲು ಗಣಿಗಳ ಒಡತಿ. ಅವಳ ಮನೆತನದ ಹೆಸರು ‘ವೇನ್’ ಅನ್ನೋದನ್ನೇ ಇವನು ತನ್ನದು ಮಾಡ್ಕೊಂಡ. ಹೆಂಡತಿ ಹೆಸರು ಇಟ್ಕೊಂಡ ಗಂಡ, ಅದೂ ಆ ಕಾಲದಲ್ಲಿ. ಆಸ್ತಿ ಏನೇನು ಮಾಡ್ಸುತ್ತೆ ನೋಡಿ.

ಗಣಿಯ ಕಲ್ಲಿದ್ದಲು ವೇರ್ ನದಿ ಹಿಡಿದು ಸಂಡರ್‌ಲ್ಯಾಂಡ್ ಬಂದರಿಗೆ ಹೋಗ್ಬೇಕಿತ್ತು. ದಾರೀಲಿ ಎಲ್ಲರಿಗೂ ಸುಂಕ, ಕೂಲಿ. ಅದಕ್ಕೇ ಕಡಲತೀರದ ಸೀಹಮ್‌ನಲ್ಲಿ ಸಮುದ್ರದ ಬಂಡೆ ಕಡಿಸಿ ಸ್ವಂತ ಬಂದರನ್ನೇ ಕಟ್ಟಿಸೋಕೆ ಹೊರಟ. 1828ರಲ್ಲಿ ಅಡಿಗಲ್ಲು, 1831ರಲ್ಲಿ ಹಡಗು ಹೊರಟಿತು. ಈ ಧೈರ್ಯಕ್ಕೆ ನಾನು ತಲೆಬಾಗ್ತೀನಿ.

ಮುಂದಿನದಕ್ಕೆ ಬಾಗಲ್ಲ.

1842ರಲ್ಲಿ ಹೆಂಗಸರನ್ನೂ 10 ವರ್ಷದೊಳಗಿನ ಹುಡುಗರನ್ನೂ ಗಣಿಯೊಳಗೆ ಇಳಿಸಬಾರದು ಅಂತ ಸಂಸದ ಲಾರ್ಡ್ ಆಶ್ಲಿ ಮಸೂದೆ ತಂದಾಗ, ಮೇಲ್ಮನೆಯಲ್ಲಿ ಜೋರಾಗಿ ವಿರೋಧಿಸಿದ್ದು ಇವನೇ. ಗಣಿಯಲ್ಲಿ ಗಾಳಿ ತಡೆಯೋ ಬಾಗಿಲು ಇರುತ್ತೆ. ಬಂಡಿ ಬಂದಾಗ ಅದನ್ನ ತೆಗೆದು ಮುಚ್ಚೋಕೆ ಪುಟ್ಟ ಹುಡುಗರು, ಕತ್ತಲಲ್ಲಿ ಗಂಟೆಗಟ್ಟಲೆ ಒಬ್ಬೊಬ್ಬರೇ. ಗಣಿ ಮಾಲೀಕರ ವಾದ ಏನು ಗೊತ್ತಾ? ಹುಡುಗರು ಖುಷಿಯಾಗೇ ಇದಾರೆ, ಕಡ್ಡಿ ಕೆತ್ತಿ ಗಾಳಿಗಿರಣಿ ಮಾಡ್ತಾರೆ, ಬಾಗಿಲ ಮೇಲೆ ಸುಣ್ಣದ ಕಡ್ಡೀಲಿ ಚಿತ್ರ ಬರೀತಾರೆ ಅಂತ! ಆ ಕತ್ತಲಲ್ಲಿ ಚಿತ್ರ ಕಾಣೋದು ಯಾರಿಗೆ ಸ್ವಾಮಿ? ಕಾಯಿದೆ ಮಾತ್ರ ಪಾಸಾಯ್ತು.

ಎರಡೇ ವರ್ಷಕ್ಕೆ ದೊಡ್ಡ ಮುಷ್ಕರ. ಗಣಿ ಕೆಲಸಗಾರರು ಮಾಲೀಕರ ಮನೆಗಳನ್ನ ಬಿಡಬೇಕಾಯ್ತು, ಇವನ ಐರ್ಲೆಂಡಿನ ಜಮೀನಿಂದ ಬದಲಿ ಕೂಲಿಗಳು ಬಂದ್ರು. ಸಾಲದ್ದಕ್ಕೆ ಸೀಹಮ್ ಅಂಗಡಿಯವರಿಗೊಂದು ಎಚ್ಚರಿಕೆ: ‘ನನ್ನ ಊರಿನಲ್ಲಿ’ ಮುಷ್ಕರದವರಿಗೆ ಯಾರಾದ್ರೂ ಉದ್ರಿ ಕೊಟ್ರೆ, ಅವರ ಜೊತೆ ನಮ್ಮ ಕಂಪನಿ ವ್ಯವಹಾರ ಮುಗೀತು. ಮಕ್ಕಳ ಹಸಿವಿಗೆ ಅಂಗಡಿಯವ ಕೊಡೋ ಹಿಟ್ಟಿನ ಮೇಲೂ ಕಣ್ಣು! ಕೆಲವೇ ತಿಂಗಳಲ್ಲಿ ಮುಷ್ಕರ ಮುರಿದುಬಿತ್ತು.

1854ರಲ್ಲಿ ಅವನು ಸತ್ತ ಮೇಲೆ ಗಣಿ, ಬಂದರು ಎಲ್ಲಾನೂ ಫ್ರಾನ್ಸಿಸ್ ಆನ್ ತಾನೇ ನಡೆಸಿದಳು. ವಿನ್‌ಸ್ಟನ್ ಚರ್ಚಿಲ್ ಅವಳ ಮರಿಮೊಮ್ಮಗ. ಸೀಹಮ್‌ನ ‘ವೇನ್ ಟೆಂಪೆಸ್ಟ್’ ಗಣಿಗೆ ಅವಳ ತವರಿನ ಹೆಸರೇ ಇತ್ತು, ಅದು ಮುಚ್ಚಿದ್ದು 1993ರಲ್ಲಿ. ಬಂದರಿನಲ್ಲಿ ಈಗಲೂ ಹಡಗು ಬರ್ತವೆ.