ಪಳಗಿದ ಕೈ ಮತ್ತೆ ಹೆದರಿಸಿದಾಗ

ಕೇಳುಗರಿಗೆ ನಮಸ್ಕಾರ.

ಭಯದ ಕಥೆಗಳಿಗೆ ಹೆಸರಾದ ಅಮೆರಿಕದ ಲೇಖಕ ಸ್ಟೀಫನ್ ಕಿಂಗ್ ಅವರ ಮೊದಲ ಕಾದಂಬರಿ 'ಕ್ಯಾರಿ' ಅಚ್ಚಾದದ್ದು 1974ರಲ್ಲಿ. 1999ರ ಜೂನ್‌ನಲ್ಲಿ ರಸ್ತೆಬದಿ ನಡೆಯುತ್ತಿದ್ದಾಗ ಅವರಿಗೆ ವ್ಯಾನ್ ಬಡಿದು ಕಾಲು, ಸೊಂಟದ ಮೂಳೆ ಮುರಿದವು. ಕೂತು ಬರೆಯುವುದೇ ನೋವಾಯಿತು. ಆಮೇಲೂ ಬರೆದರು, ಪತ್ತೇದಾರಿ ಕಥೆಗೂ ಕೈ ಹಾಕಿದರು. 2014ರ ನವೆಂಬರ್‌ನಲ್ಲಿ, 67ರ ವಯಸ್ಸಿನಲ್ಲಿ, 'ರಿವೈವಲ್' ಕಾದಂಬರಿ ಬಂತು. ಹಳೆಯ ಕಸುವು ಅದರಲ್ಲಿ ಪೂರ್ತಿಯಾಗಿದೆ.

ಕಥೆ ಹೇಗೆ ಶುರುವಾಗುತ್ತದೆ ನೋಡಿ. 1962. ಆರು ವರ್ಷದ ಹುಡುಗ ಮಣ್ಣಿನಲ್ಲಿ ಆಟಿಕೆ ಸೈನಿಕರನ್ನು ನಿಲ್ಲಿಸಿ ಆಡುತ್ತಿದ್ದಾನೆ. ಮೈಮೇಲೆ ನೆರಳು ಬೀಳುತ್ತದೆ. ತಲೆಯೆತ್ತಿದರೆ, ಊರಿಗೆ ಹೊಸದಾಗಿ ಬಂದ ಪಾದ್ರಿ. ಒಳ್ಳೆಯ ಮನುಷ್ಯ, ವಿದ್ಯುತ್ತಿನ ಗೀಳು ಬೇರೆ. ಹೆಂಡತಿ, ಮಗು ಅಪಘಾತದಲ್ಲಿ ತೀರಿಕೊಂಡ ಮೇಲೆ ಇದೇ ಮನುಷ್ಯ ಚರ್ಚಿನಲ್ಲಿ ನಿಂತು ದೇವರನ್ನೇ ಅಲ್ಲಗಳೆಯುತ್ತಾನೆ. ಅಲ್ಲಿ ದೆವ್ವವಿಲ್ಲ, ರಕ್ತವಿಲ್ಲ. ಆದರೂ ಎದೆ ಬಿಗಿಯುತ್ತದೆ. ಐವತ್ತು ವರ್ಷ ನಡೆಯುವ ಕಥೆ ತನ್ನ ಘೋರವನ್ನು ಕೊನೆಯವರೆಗೂ ಬಚ್ಚಿಟ್ಟುಕೊಳ್ಳುತ್ತದೆ. ಅಷ್ಟರಲ್ಲಿ ಆ ಜನ ನಮಗೆ ಬೇಕಾದವರಾಗಿರುತ್ತಾರೆ. ಪರಿಚಯವಿಲ್ಲದವನ ಸಾವಿಗೆ ಓದುಗ ಹೆದರುವುದಿಲ್ಲ.

ನಮ್ಮ ಕಡೆಯ ಹೊಸ ಬರಹಗಾರರು ಎಡವುವುದು ಇಲ್ಲೇ. ಮೊದಲ ಪುಟದಲ್ಲೇ ಹುಣಸೆಮರ, ಅಮಾವಾಸ್ಯೆ, ಬಿಳಿ ಸೀರೆ. ಓದುಗನಿಗೆ ಕಾಯಲು ಏನೂ ಉಳಿಯುವುದಿಲ್ಲ.

ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಸುರಂಗ ಬಾವಿ ಇದೆಯಲ್ಲ, ನೆಲದಡಿಯ ನೀರಿನ ಕಾಲುವೆ? ಗಾಳಿ ಬೆಳಕಿಗೆಂದು ಅಲ್ಲಲ್ಲಿ ಮೇಲಿನಿಂದ ಬಾವಿಯಂತೆ ಕೊರೆದಿದ್ದಾರೆ. ಕಥೆಯಲ್ಲಿ ಒಬ್ಬನನ್ನು ಒಳಗೆ ಇಳಿಸಿ. ಮೊಣಕಾಲಿಗೆ ನೀರು ತಾಗಲಿ, ಅಂಗೈಗೆ ಜಂಬಿಟ್ಟಿಗೆಯ ತಂಪು ತಾಗಲಿ. ದಾರಿ ತಪ್ಪದಿರಲೆಂದು ಅವನು ಮೇಲಿನ ಬೆಳಕಿನ ಕಿಂಡಿಗಳನ್ನು ಎಣಿಸುತ್ತಾನೆ. ಹೋಗುವಾಗ ಏಳು. ಬರುವಾಗ ಎಂಟು.

ಇನ್ನು ತಿದ್ದುವ ಕೆಲಸ. 2000ದ 'ಆನ್ ರೈಟಿಂಗ್' ಪುಸ್ತಕದಲ್ಲಿ ಕಿಂಗ್ ಹೇಳುವ ಕ್ರಮ ಇದು: ಮೊದಲ ಕರಡನ್ನು ಕನಿಷ್ಠ ಆರು ವಾರ ಕಣ್ಣಿಗೆ ಬೀಳದಂತೆ ಇಡಬೇಕು, ಆಮೇಲೆ ನೂರಕ್ಕೆ ಹತ್ತರಷ್ಟು ತೆಗೆಯಬೇಕು. ಮೂರು ಸಾವಿರ ಪದಗಳ ಕಥೆಯಲ್ಲಿ ಮುನ್ನೂರು. ಭಯದ ಕಥೆಯಲ್ಲಿ ಮೊದಲು ಹೋಗಬೇಕಾದವು 'ಭಯಾನಕ', 'ಭೀಕರ', 'ಮೈ ಜುಮ್ಮೆಂದಿತು' ಎಂಬ ಮಾತುಗಳು; ಹೆದರುವುದು ಓದುಗನ ಪಾಲಿನ ಕೆಲಸ. ಆಮೇಲೆ, ಎಂಟನೆಯ ಕಿಂಡಿ ಯಾರದ್ದು, ಯಾಕೆ ಬಂತು ಎಂದು ವಿವರಿಸುವ ಪ್ಯಾರಾ ಇದ್ದೇ ಇರುತ್ತದೆ. ಅದನ್ನೂ ಹೊಡೆದುಹಾಕಿ.

ನಮಸ್ಕಾರ.