ಬಿಪಿ ಮಾತ್ರೆ ಸರಿ, ಎಲೆಕ್ಟ್ರೋಲೈಟ್ಸ್ ನೋಡಿಸಿದ್ದೀರಾ?

ಬಿಪಿ ಮಾತ್ರೆ ತಗೊಳ್ಳುವವರಿಗೆ ಒಂದು ಪ್ರಶ್ನೆ. ನಿಮ್ಮ ರಕ್ತದಲ್ಲಿ ಎಲೆಕ್ಟ್ರೋಲೈಟ್ಸ್, ಅಂದರೆ ಸೋಡಿಯಂ, ಪೊಟ್ಯಾಸಿಯಂನಂಥ ಲವಣಾಂಶ, ಎಷ್ಟಿದೆ?

ಬಿಪಿ ಎಷ್ಟು ಅಂದರೆ ಥಟ್ ಅಂತ ಹೇಳುತ್ತೀರಿ. ಇದನ್ನು ಕೇಳಿದರೆ ಸುಮ್ನೆ ಮುಖ ನೋಡುತ್ತೀರಿ. ತಪ್ಪು ನಿಮ್ಮದಲ್ಲ, ಯಾರೂ ಹೇಳಿಲ್ಲ. ಹಳೇ ಚೀಟಿ ಹಿಡಿದು ಮೆಡಿಕಲ್ ಸ್ಟೋರ್‌ಗೆ ಹೋಗಿ, ಅದೇ ಮಾತ್ರೆ ತಂದು, ವರ್ಷಗಟ್ಟಲೆ ನುಂಗುತ್ತಾ ಹೋಗುವುದು ನಮ್ಮಲ್ಲಿ ಮಾಮೂಲಿ. ನನ್ನ ತಕರಾರು ಇರುವುದೇ ಇಲ್ಲಿ.

ಸ್ಟ್ರಿಪ್ ತಿರುಗಿಸಿ ಸಣ್ಣ ಅಕ್ಷರ ಓದಿ. ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್ಥಾಲಿಡೋನ್, ಇಂಡಾಪಮೈಡ್, ಇವೆಲ್ಲ ಮೂತ್ರ ಹೆಚ್ಚಿಸುವ ಜಾತಿ. ಸೋಡಿಯಂ ಹೊರಗೆ ಹೋಗುತ್ತದೆ, ಜೊತೆಗೆ ಪೊಟ್ಯಾಸಿಯಂ, ಮೆಗ್ನೀಸಿಯಂ ಕೂಡ. ಕ್ಯಾಲ್ಸಿಯಂ ಮಾತ್ರ ಒಳಗೇ ಉಳಿಯುತ್ತದೆ, ವಿಚಿತ್ರ ಅಲ್ವಾ? ಟೆಲ್ಮಿಸಾರ್ಟನ್, ಲೋಸಾರ್ಟನ್, ರಾಮಿಪ್ರಿಲ್, ಎನಲಾಪ್ರಿಲ್ ಇದಕ್ಕೆ ಉಲ್ಟಾ. ಪೊಟ್ಯಾಸಿಯಂ ಹೊರಗೆ ಕಳಿಸುವ ಆಲ್ಡೋಸ್ಟಿರೋನ್ ಹಾರ್ಮೋನನ್ನು ಇವು ತಗ್ಗಿಸುತ್ತವೆ, ಹಾಗಾಗಿ ಪೊಟ್ಯಾಸಿಯಂ ಏರಬಹುದು. ಅದು ಲೀಟರ್ ರಕ್ತಕ್ಕೆ 3.5ರಿಂದ 5 ಮಿಲಿಮೋಲ್ ಒಳಗಿರಬೇಕು. ತೀರಾ ಇಳಿದರೂ ತೀರಾ ಏರಿದರೂ ಹೃದಯದ ಬಡಿತವೇ ತಪ್ಪುತ್ತದೆ, ಏರಿದಾಗಲಂತೂ ಎಷ್ಟೋ ಸಲ ಮೊದಲೇ ಗೊತ್ತಾಗುವುದೂ ಇಲ್ಲ.

ಈಗ ನೆಂಟರ ಉಪದೇಶಕ್ಕೆ ಬರೋಣ. 'ಬಿಪಿ ಇದೆಯಾ? ದಿನಾ ಎಳನೀರು ಕುಡೀರಿ, ಲೋ ಸೋಡಿಯಂ ಉಪ್ಪು ಹಾಕಿ.' ಕಿಡ್ನಿ ಚೆನ್ನಾಗಿದ್ದರೆ ಬಹುತೇಕ ಜನರಿಗೆ ಇದು ಒಳ್ಳೆಯದೇ. ಆದರೆ ಆ ಉಪ್ಪಿನಲ್ಲಿ ಸೋಡಿಯಂ ಜಾಗಕ್ಕೆ ಬಂದಿರುವುದು ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್. ಎಳನೀರಲ್ಲೂ ಪೊಟ್ಯಾಸಿಯಂ ಜಾಸ್ತಿ. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಸೋತಿರುವ, ಮೇಲೆ ಟೆಲ್ಮಿಸಾರ್ಟನ್ ನುಂಗುವ ಅಜ್ಜನಿಗೆ ಎರಡನ್ನೂ ಕೊಟ್ಟರೆ ಅದು ಉಪಚಾರವಲ್ಲ, ಅಪಾಯ. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಈ ಉಪ್ಪಿಗೆ ಒಪ್ಪಿಗೆ ಕೊಟ್ಟಾಗಲೂ ಕಿಡ್ನಿ ತೊಂದರೆ ಇರುವವರನ್ನು ಹೊರಗಿಟ್ಟೇ ಹೇಳಿತು. ಇನ್ನು ಸೈಂಧವ ಲವಣ ಅಂತ ಹಿಗ್ಗುವವರೇ, ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ.

ನನಗೆ ಜಾಸ್ತಿ ಸಿಟ್ಟು ತರಿಸುವುದು ಬೇರೆ. ಎಪ್ಪತ್ತೈದು ದಾಟಿದ ಅಜ್ಜಿಗೆ ಮೂತ್ರದ ಮಾತ್ರೆ ಶುರುವಾಗಿರುತ್ತದೆ. ಕೆಲವೇ ವಾರಕ್ಕೆ ಸುಸ್ತು, ವಾಕರಿಕೆ, ತೂರಾಟ, ಮಗನನ್ನು ತಮ್ಮ ಅಂತ ಕರೆಯುವುದು. ಮನೆಯವರು 'ಅರಳುಮರಳು, ವಯಸ್ಸಾಯ್ತಲ್ಲ' ಅಂದು ಬಿಟ್ಟುಬಿಡುತ್ತಾರೆ. ರಕ್ತ ನೋಡಿದರೆ ಸೋಡಿಯಂ, ಕನಿಷ್ಠ ಇರಬೇಕಾದ 135 ಮಿಲಿಮೋಲ್‌ಗಿಂತ ಎಷ್ಟೋ ಕೆಳಗಿರಬಹುದು! ಅದನ್ನು ನಿಧಾನವಾಗಿ ಸರಿ ಮಾಡಬೇಕು, ಆಸ್ಪತ್ರೆಯಲ್ಲೇ. ಮನೆಯಲ್ಲಿ ಉಪ್ಪುನೀರು ಕುಡಿಸಿ ಪ್ರಯೋಗ ಮಾಡಬೇಡಿ.

ಅಮ್ಲೋಡಿಪಿನ್ ತಗೊಳ್ಳುವವರು ಹೆದರಬೇಡಿ. ಅದು ಕ್ಯಾಲ್ಸಿಯಂ ಚಾನಲ್ ಬ್ಲಾಕರ್ ನಿಜ, ಆದರೆ ನಿಮ್ಮ ಮೂಳೆಯ ಕ್ಯಾಲ್ಸಿಯಂ ತಿನ್ನುವುದಿಲ್ಲ.

ಇದನ್ನೆಲ್ಲ ಕೇಳಿ ನಾಳೆಯಿಂದ ಮಾತ್ರೆ ನಿಲ್ಲಿಸಿಬಿಡಬೇಡಿ, ಪಾರ್ಶ್ವವಾಯು ಬಂದರೆ ಅದಕ್ಕಿಂತ ದೊಡ್ಡ ಕಷ್ಟ. ಮಾತ್ರೆ ಹೊಸದಾಗಿ ಶುರುವಾದಾಗ, ಡೋಸ್ ಬದಲಾದಾಗ, ಎರಡು-ನಾಲ್ಕು ವಾರದೊಳಗೆ ಎಲೆಕ್ಟ್ರೋಲೈಟ್ಸ್ ಮತ್ತು ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಬರೆದುಕೊಡಿ ಅಂತ ಡಾಕ್ಟರನ್ನು ಕೇಳಿ. ಆಮೇಲೆ ಎಷ್ಟು ತಿಂಗಳಿಗೊಮ್ಮೆ ಅಂತ ಅವರೇ ಹೇಳಲಿ. ಹೋಗುವಾಗ ಸ್ಟ್ರಿಪ್ ತಗೊಂಡು ಹೋಗಿ. 'ಬಿಳೀ ಮಾತ್ರೆ ಡಾಕ್ಟ್ರೇ' ಅಂದರೆ ಅವರಿಗೇನು ಗೊತ್ತಾಗಬೇಕು!